ಪ್ರಿಂಟರ್ ಯಾರ ಕೈಯಲ್ಲಿದೆ? ಅಪ್‌ಗ್ರೇಡ್ ಆದ ಮೇಲೆ ನಿಂತುಹೋದ ಒಂದು ಯುಎಸ್‌ಬಿ ಪ್ರಿಂಟರಿನ ಪ್ರಕರಣ

ಒಂದು ಸಣ್ಣ ಕಚೇರಿ. ಅಲ್ಲಿ ಒಂದು ಬಹೂಪಯೋಗಿ ಲೇಸರ್ ಪ್ರಿಂಟರ್. ಪ್ರಿಂಟು, ಸ್ಕ್ಯಾನು, ಜೆರಾಕ್ಸು ಎಲ್ಲ ಅದರಲ್ಲೇ. ಅದು ಡೆಬಿಯನ್ ಲಿನಕ್ಸ್ ಇದ್ದ ಒಂದು ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಮೂಲಕ ಸೇರಿಕೊಂಡಿತ್ತು. ಆ ಕಂಪ್ಯೂಟರೇ ಪ್ರಿಂಟ್ ಸರ್ವರ್. ಉಳಿದ ಲಿನಕ್ಸ್ ಯಂತ್ರಗಳು, ಒಂದೆರಡು ಮ್ಯಾಕ್‌ಗಳು ಮತ್ತು ಒಂದು ಫ್ರೀಬಿಎಸ್‌ಡಿ (ಯುನಿಕ್ಸ್ ಬಳಗದ ಇನ್ನೊಂದು ವ್ಯವಸ್ಥೆ) ಯಂತ್ರ ನೆಟ್‌ವರ್ಕ್ ಮೂಲಕ ಅದಕ್ಕೇ ಕಡತ ಕಳಿಸುತ್ತಿದ್ದವು. ತಯಾರಕರ ಡ್ರೈವರ್ ಹಾಕಿ 'ಆಫೀಸ್' ಅನ್ನುವ ಹೆಸರಿನ ಕ್ಯೂ (ಮುದ್ರಣಕ್ಕೆ ಕಾಯುವ ಕಡತಗಳ ಸಾಲು) ಮಾಡಿಟ್ಟಿದ್ದರು. ವರ್ಷಗಟ್ಟಲೆ ಯಾರೂ ಅದನ್ನು ಮುಟ್ಟಬೇಕಾಗಿ ಬಂದಿರಲಿಲ್ಲ.

ಸರ್ವರನ್ನು ಡೆಬಿಯನ್ 10ರಿಂದ 11ಕ್ಕೆ ಏರಿಸಿದ ಮೇಲೆ ಮುದ್ರಣ ನಿಂತಿತು. ನನಗೆ ಬಂದ ದೂರು ಇಷ್ಟು: "ಸರ್, ಕಂಪ್ಯೂಟರಲ್ಲಿ ಪ್ರಿಂಟರ್ ಕಾಣ್ಸುತ್ತೆ, ಕಳ್ಸಿದ್ದು ಹೋಗುತ್ತೆ, ಆದ್ರೆ ಪೇಪರ್ ಮಾತ್ರ ಬರಲ್ಲ." ಅಷ್ಟು ಹೊತ್ತಿಗೆ ಅಲ್ಲಿನವರು ಡ್ರೈವರನ್ನು ತೆಗೆದು ಮತ್ತೆ ಹಾಕಿದ್ದರು, ಕೇಬಲ್ ಬದಲಿಸಿದ್ದರು, ಹೊಸ ಕ್ಯೂಗಳನ್ನೂ ಮಾಡಿದ್ದರು. ಪ್ರಿಂಟ್ ಡೈಲಾಗ್ ತೆರೆದರೆ ಒಂದೇ ಪ್ರಿಂಟರು ನಾಲ್ಕು ಹೆಸರಿನಲ್ಲಿ ಕಾಣುತ್ತಿತ್ತು. ಅವುಗಳಲ್ಲಿ ಒಂದರಿಂದ ಮಾತ್ರ ಮುದ್ರಣ ಆಗುತ್ತಿತ್ತು, ಅದೂ ಕೆಲವರಿಗಷ್ಟೆ. ಯಾವುದರಿಂದ ಯಾಕೆ ಆಗುತ್ತಿದೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಇಂಥ ಕಡೆ ಡ್ರೈವರಿಗೆ ಕೈ ಹಾಕುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು. ಕಳಿಸಿದ ಕಡತ ಈಗ ದಾರಿಯ ಯಾವ ಹಂತದಲ್ಲಿ ನಿಂತಿದೆ? ಪ್ರಿಂಟರ್ ಈ ಹೊತ್ತು ಯಾವ ಪ್ರೋಗ್ರಾಮಿನ ಕೈಯಲ್ಲಿದೆ? ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಈ ಎರಡಕ್ಕೂ ಕಣ್ಣಾರೆ ನೋಡಿ ಉತ್ತರ ಹೇಳಬಹುದು, ಊಹೆ ಬೇಕಿಲ್ಲ. ಮುದ್ರಣ ವ್ಯವಸ್ಥೆಯ ಬಗ್ಗೆ ನನಗಿರುವ ಪ್ರೀತಿಗೆ ಕಾರಣ ಅದೇ.

ಕಡತ ನಡೆಯುವ ದಾರಿ

ಇವತ್ತು ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಮುದ್ರಣ ನೋಡಿಕೊಳ್ಳುವುದು ಕಪ್ಸ್. ಮೈಕಲ್ ಸ್ವೀಟ್ ಬರೆದ ಈ ವ್ಯವಸ್ಥೆ 1999ರಲ್ಲಿ ಹೊರಬಂತು. 2007ರಲ್ಲಿ ಅದರ ಕೋಡನ್ನು ಆ್ಯಪಲ್ ಕೊಂಡುಕೊಂಡಿತು. ಈಗ ಲಿನಕ್ಸ್ ಹಂಚಿಕೆಗಳಿಗೆ ಬರುವ ಕಪ್ಸ್ ಓಪನ್‌ಪ್ರಿಂಟಿಂಗ್ ಬಳಗ ಬೆಳೆಸುತ್ತಿರುವುದು. ಅದಕ್ಕೂ ಮುಂಚೆ ಬರ್ಕ್ಲಿಯ ಯುನಿಕ್ಸ್‌ನಲ್ಲಿ ಎಲ್‌ಪಿಆರ್, ಸಿಸ್ಟಮ್ ಫೈವ್‌ನಲ್ಲಿ ಎಲ್‌ಪಿ ಅನ್ನುವ ಆಜ್ಞೆ ಇದ್ದವು. ಕಪ್ಸ್ ಎರಡನ್ನೂ ಉಳಿಸಿಕೊಂಡಿತು, ಯಾವುದರಿಂದ ಕಳಿಸಿದರೂ ಕಡತ ಹೋಗಿ ಸೇರುವುದು ಒಂದೇ ಕ್ಯೂಗೆ. ಈ ಎರಡು ಹೆಸರುಗಳ ಹಳೇ ಕಥೆ ಇದೇ ಪ್ರಕರಣದ ಕೊನೆಯಲ್ಲಿ ಮತ್ತೆ ಅಡ್ಡ ಬಂತು, ಆಗ ಹೇಳುತ್ತೇನೆ.

ಪ್ರಿಂಟ್ ಕೊಟ್ಟ ಕೂಡಲೇ ಮೂಲ ಕಡತ ಸರ್ವರಿನ ಸ್ಪೂಲ್ ಡೈರೆಕ್ಟರಿಗೆ, ಅಂದರೆ ಸರದಿಗೆ ಕಾಯುವ ಜಾಗಕ್ಕೆ, ಬಂದು ಕೂರುತ್ತದೆ. ಆಮೇಲೆ ಫಿಲ್ಟರ್‌ಗಳು ಒಂದರ ಹಿಂದೆ ಒಂದು ಓಡಿ ಅದನ್ನು ಪ್ರಿಂಟರಿಗೆ ಅರ್ಥವಾಗುವ ರೂಪಕ್ಕೆ ತರುತ್ತವೆ. ಕೊನೆಗೆ ಬ್ಯಾಕೆಂಡ್ ಅನ್ನುವ ಪುಟ್ಟ ಪ್ರೋಗ್ರಾಮು ಆ ಮಾಹಿತಿಯನ್ನು ಪ್ರಿಂಟರಿಗೆ ತಲುಪಿಸುತ್ತದೆ. ಯಾವ ಬ್ಯಾಕೆಂಡ್ ಅನ್ನುವುದು ಕ್ಯೂನ ವಿಳಾಸದಿಂದ ನಿರ್ಧಾರವಾಗುತ್ತದೆ. ವಿಳಾಸ 'ಯುಎಸ್‌ಬಿ' ಎಂದು ಶುರುವಾದರೆ ಯುಎಸ್‌ಬಿ ಬ್ಯಾಕೆಂಡ್, 'ಸಾಕೆಟ್' ಎಂದಿದ್ದರೆ ಪ್ರಿಂಟರಿನ 9100ನೇ ಪೋರ್ಟಿಗೆ (ಪೋರ್ಟ್ ಅಂದರೆ ನೆಟ್‌ವರ್ಕ್‌ನಲ್ಲಿ ಸಂಖ್ಯೆಯಿಂದ ಗುರುತಿಸುವ ಬಾಗಿಲು) ನೇರವಾಗಿ ಸುರಿಯುವ ಬ್ಯಾಕೆಂಡ್, 'ಐಪಿಪಿ' (ನೆಟ್‌ವರ್ಕ್ ಮುದ್ರಣದ ನಿಯಮಾವಳಿ) ಎಂದಿದ್ದರೆ 631ನೇ ಪೋರ್ಟಿನಲ್ಲಿ ಪ್ರಿಂಟರಿನ ಜೊತೆ ಮಾತಾಡುವ ಬ್ಯಾಕೆಂಡ್. ಅಂದರೆ ಕ್ಯೂ ಬೇರೆ, ಪ್ರಿಂಟರ್ ಬೇರೆ. ಕ್ಯೂ ಬರೀ ಒಂದು ಹೆಸರು, ಒಂದು ವಿಳಾಸ, ಒಂದಿಷ್ಟು ಆಯ್ಕೆಗಳು. ಪ್ರಿಂಟರನ್ನು ಎತ್ತಿ ಇನ್ನೊಂದು ಕಡೆ ಇಟ್ಟರೂ ಕ್ಯೂ ಪಟ್ಟಿಯಲ್ಲಿ ಹಾಗೇ ಇರುತ್ತದೆ. 'ಕಂಪ್ಯೂಟರಲ್ಲಿ ಕಾಣ್ಸುತ್ತೆ' ಅನ್ನುವ ಮಾತಿನಿಂದ ಪ್ರಿಂಟರಿನ ಬಗ್ಗೆ ಏನೂ ತಿಳಿಯದಿರುವುದು ಅದಕ್ಕೇ.

ಮೊದಲು ನೋಡಿದ್ದು

ಸರ್ವರಿನ ಮುಂದೆ ಕೂತು ಮೊದಲು ಓಡಿಸಿದ್ದು ಎಲ್‌ಪಿಸ್ಟ್ಯಾಟ್, ಟಿ ಆಯ್ಕೆಯ ಜೊತೆ. ಕಪ್ಸ್ ಓಡುತ್ತಿದೆಯೇ, ಯಾವ ಕ್ಯೂಗೆ ಯಾವ ವಿಳಾಸ, ಯಾವುದು ಕೆಲಸ ಒಪ್ಪಿಕೊಳ್ಳುತ್ತಿದೆ, ಯಾವುದು ಚಾಲೂ ಇದೆ, ಏನೇನು ಬಾಕಿ ಕೂತಿದೆ, ಎಲ್ಲವನ್ನೂ ಇದು ಒಂದೇ ಪುಟದಲ್ಲಿ ಹೇಳುತ್ತದೆ.

'ಆಫೀಸ್' ಕ್ಯೂ ಚಾಲೂ ಇತ್ತು, ಕೆಲಸವನ್ನೂ ಒಪ್ಪಿಕೊಳ್ಳುತ್ತಿತ್ತು. ವಿಳಾಸ ಹಳೆಯದೇ, ಯುಎಸ್‌ಬಿ. ಒಂದು ಕಡತ 'ಮುದ್ರಣ ನಡೆಯುತ್ತಿದೆ' ಅನ್ನುವ ಸ್ಥಿತಿಯಲ್ಲಿದ್ದು, ಅದರ ಕೆಳಗೆ 'ಪ್ರಿಂಟರ್ ಸಿಗುವುದಕ್ಕೆ ಕಾಯುತ್ತಿದೆ' ಎಂಬರ್ಥದ ಸಾಲಿತ್ತು. ಅದರ ಹಿಂದೆ ಉದ್ದನೆಯ ಬಾಲ.

ಅಲ್ಲಿನವರು ಹೊಸದಾಗಿ ಮಾಡಿದ್ದ ಇನ್ನೊಂದು ಕ್ಯೂ ಕೆಲಸವನ್ನೇ ಒಪ್ಪಿಕೊಳ್ಳುತ್ತಿರಲಿಲ್ಲ. ಕಾರಣ ಸಣ್ಣದು, ಆದರೆ ಬಹಳ ಜನರ ಹೊತ್ತು ತಿಂದಿರುವಂಥದು. ಕ್ಯೂ ಮಾಡುವ ಎಲ್‌ಪಿಅಡ್ಮಿನ್ ಆಜ್ಞೆಯಲ್ಲಿ ದೊಡ್ಡಕ್ಷರದ ಇ ಆಯ್ಕೆಗೆ ಎರಡು ಅರ್ಥ. ಕ್ಯೂ ಹೆಸರಿನ ನಂತರ ಬಂದರೆ 'ಈ ಕ್ಯೂ ಚಾಲೂ ಮಾಡು, ಕೆಲಸ ಒಪ್ಪಿಕೋ' ಎಂದು. ಹೆಸರಿಗಿಂತ ಮೊದಲು ಬಂದರೆ 'ಸರ್ವರಿನ ಜೊತೆ ಗೂಢಲಿಪಿಯಲ್ಲಿ ಮಾತಾಡು' ಎಂದು. ಅವರು ಬರೆದ ಸಾಲಿನಲ್ಲಿ ಅದು ಮೊದಲು ಬಂದಿತ್ತು. ತಪ್ಪೆಂದು ಯಾವ ಸಂದೇಶವೂ ಬರಲಿಲ್ಲ, ಕ್ಯೂ ಆಯಿತು, ಆದರೆ ಬಾಗಿಲು ಮುಚ್ಚಿಯೇ ಇತ್ತು. ಕಪ್ಸ್‌ಎನೇಬಲ್ ಮತ್ತು ಕಪ್ಸ್‌ಆ್ಯಕ್ಸೆಪ್ಟ್ ಅನ್ನುವ ಎರಡು ಆಜ್ಞೆಗಳಿಂದ ಅದನ್ನು ಸರಿಪಡಿಸಬಹುದಿತ್ತು. ಆ ಕ್ಯೂ ಬೇಕಿರಲಿಲ್ಲವಾದ್ದರಿಂದ ಅಳಿಸಿಹಾಕಿದೆ. ಒಪ್ಪಿಕೊಳ್ಳುವುದು ಮತ್ತು ಚಾಲೂ ಇರುವುದು ಬೇರೆ ಬೇರೆ ಎರಡು ಸ್ವಿಚ್‌ಗಳು ಅನ್ನುವುದನ್ನು ಗಮನಿಸಿ. ಮೊದಲನೆಯದು ಆಫ್ ಆದರೆ ಕಡತ ಕ್ಯೂಗೆ ಬರುವುದೇ ಇಲ್ಲ. ಎರಡನೆಯದು ಆಫ್ ಆದರೆ ಬಂದು ಸಾಲಿನಲ್ಲಿ ನಿಲ್ಲುತ್ತದೆ, ಮುಂದಕ್ಕೆ ಹೋಗುವುದಿಲ್ಲ.

ಮತ್ತೆ 'ಆಫೀಸ್' ಕಡೆಗೆ. ಕಪ್ಸ್‌ಸಿಟಿಎಲ್ ಆಜ್ಞೆಯಿಂದ ಡಿಬಗ್ ಲಾಗ್ ಹಾಕಿಸಿ, ಒಂದು ಪುಟ ಕಳಿಸಿ, ಎರರ್ ಲಾಗ್‌ನಲ್ಲಿ ಆ ಕೆಲಸದ ಸಂಖ್ಯೆ ಹಿಡಿದು ಹುಡುಕಿದೆ. ಫಿಲ್ಟರ್‌ಗಳು ಒಂದೊಂದಾಗಿ ಶುರುವಾಗಿದ್ದವು, ಯಾವುದರಲ್ಲೂ ದೋಷದ ಸಾಲಿಲ್ಲ. ಕೊನೆಯಲ್ಲಿ ಯುಎಸ್‌ಬಿ ಬ್ಯಾಕೆಂಡೂ ಶುರುವಾಗಿತ್ತು, ಅಲ್ಲಿಗೆ ಎಲ್ಲ ಸ್ತಬ್ಧ. ಬ್ಯಾಕೆಂಡ್ ಮೊದಲು ಪ್ರಿಂಟರನ್ನು ತೆರೆಯುತ್ತದೆ, ಆಮೇಲಷ್ಟೇ ಫಿಲ್ಟರ್ ಕೊಟ್ಟದ್ದನ್ನು ಓದುತ್ತದೆ. ಇಲ್ಲಿ ತೆರೆಯುವುದೇ ಆಗುತ್ತಿರಲಿಲ್ಲ. ಓದುವವರಿಲ್ಲದೆ ಫಿಲ್ಟರ್ ತನ್ನ ಮಾಹಿತಿ ಹಿಡಿದುಕೊಂಡು ಕಾಯುತ್ತಿತ್ತು.

ಇಷ್ಟು ಕಂಡ ಮೇಲೆ ಡ್ರೈವರಿನ ಮೇಲಿದ್ದ ಅನುಮಾನ ಪೂರ್ತಿ ಹೋಯಿತು. ಡ್ರೈವರ್ ಅಂದರೆ ಇಲ್ಲಿ ಫಿಲ್ಟರ್ ಮತ್ತು ಪ್ರಿಂಟರಿನ ಸೌಲಭ್ಯಗಳನ್ನು ವಿವರಿಸುವ ಪಿಪಿಡಿ ಕಡತ. ಅವು ತಮ್ಮ ಪಾಲಿನ ಕೆಲಸ ಮಾಡುತ್ತಿದ್ದವು. ಅವನ್ನು ಎಷ್ಟು ಸಲ ತೆಗೆದು ಹಾಕಿದರೂ ಫಲ ಸಿಗುವ ಹಾಗಿರಲಿಲ್ಲ.

ಹಿಡಿದುಕೊಂಡವರು ಯಾರು

ಎಲ್‌ಪಿಇನ್ಫೋ ಆಜ್ಞೆಗೆ ವಿ ಆಯ್ಕೆ ಕೊಟ್ಟರೆ ಎಲ್ಲ ಬ್ಯಾಕೆಂಡ್‌ಗಳನ್ನೂ ಓಡಿಸಿ, ಯಾರಿಗೆ ಯಾವ ಪ್ರಿಂಟರ್ ಕಾಣುತ್ತಿದೆ ಎಂದು ಕೇಳುತ್ತದೆ. ಯುಎಸ್‌ಬಿ ಎಂದು ಶುರುವಾಗುವ ಸಾಲೇ ಅದರಲ್ಲಿರಲಿಲ್ಲ. ಬದಲಿಗೆ ಅದೇ ಪ್ರಿಂಟರಿನ ಹೆಸರು ನೆಟ್‌ವರ್ಕ್ ಪ್ರಿಂಟರ್ ಎಂದು ಬಂದಿತ್ತು, ಹೆಸರಿನ ಕೊನೆಗೆ ಆವರಣದಲ್ಲಿ 'ಯುಎಸ್‌ಬಿ' ಎಂಬ ಬಾಲ ಬೇರೆ. ನೆಟ್‌ವರ್ಕ್ ಕೇಬಲ್ಲೇ ಇಲ್ಲದ ಪ್ರಿಂಟರು ನೆಟ್‌ವರ್ಕ್ ಪ್ರಿಂಟರಾಗಿ ಕಂಡಿದ್ದು ಈ ಪ್ರಕರಣದ ಗಂಟು ಬಿಚ್ಚಿದ ಸುಳಿವು.

ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಓಡಿಸಿದರೆ ಪ್ರಿಂಟರ್ ಪಟ್ಟಿಯಲ್ಲಿತ್ತು, ಕರ್ನಲ್‌ಗೂ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕಾಣುತ್ತಿತ್ತು. ಅಲ್ಲಿಗೆ ಕೇಬಲ್, ಯುಎಸ್‌ಬಿ ಪೋರ್ಟ್ ಎರಡೂ ಸರಿ ಎಂದಾಯಿತು. ಅದನ್ನೇ ಟಿ ಆಯ್ಕೆಯ ಜೊತೆ ಓಡಿಸಿದಾಗ ಮರದ ಕೊಂಬೆಗಳ ಹಾಗೆ ಬರುವ ಪಟ್ಟಿಯಲ್ಲಿ ಪ್ರಿಂಟರಿನ ಸಾಲಿನ ಮುಂದೆ 'ಡ್ರೈವರ್' ಜಾಗದಲ್ಲಿ 'ಯುಎಸ್‌ಬಿಎಫ್‌ಎಸ್' ಎಂದಿತ್ತು. ಕರ್ನಲ್‌ನದೇ ಪ್ರಿಂಟರ್ ಮಾಡ್ಯೂಲ್ ಹಿಡಿದಿದ್ದರೆ ಅಲ್ಲಿ 'ಯುಎಸ್‌ಬಿಎಲ್‌ಪಿ' ಎಂದಿರುತ್ತಿತ್ತು. 'ಯುಎಸ್‌ಬಿಎಫ್‌ಎಸ್' ಎಂದರೆ ಕರ್ನಲ್ ಹೊರಗಿನ ಒಂದು ಸಾಮಾನ್ಯ ಪ್ರೋಗ್ರಾಮು ಪ್ರಿಂಟರನ್ನು ತನ್ನದೆಂದು ಹಿಡಿದುಕೊಂಡಿದೆ. ಯಾವ ಪ್ರೋಗ್ರಾಮು ಎಂದು ತಿಳಿಯಲು, ಬಸ್ ಮತ್ತು ಸಾಧನದ ಸಂಖ್ಯೆ ನೋಡಿಕೊಂಡು, ಅದಕ್ಕೆ ಹೊಂದುವ ಸಾಧನ ಕಡತದ ಮೇಲೆ ಫ್ಯೂಸರ್ ಆಜ್ಞೆ ಓಡಿಸಿದರೆ ಸಾಕು. ಉತ್ತರ ಒಂದೇ ಸಾಲು: ಐಪಿಪಿ-ಯುಎಸ್‌ಬಿ.

ಈ ಐಪಿಪಿ-ಯುಎಸ್‌ಬಿ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಮೊಬೈಲಿನಿಂದ ನೇರ ಪ್ರಿಂಟ್ ಮಾಡುವ ರೂಢಿ ಬಂದ ಮೇಲೆ ಪ್ರಿಂಟರ್‌ಗಳೇ ಬದಲಾದವು. 2010ರಲ್ಲಿ ಆ್ಯಪಲ್‌ನ ಏರ್‌ಪ್ರಿಂಟ್ ಬಂತು, 2013ರಲ್ಲಿ ಪ್ರಿಂಟರ್ ವರ್ಕಿಂಗ್ ಗ್ರೂಪ್‌ನವರ ಐಪಿಪಿ ಎವೆರಿವೇರ್ ಬಂತು. ಎರಡರ ಬುಡವೂ ಐಪಿಪಿ ಎಂಬ ಒಂದೇ ನಿಯಮಾವಳಿ. ಪ್ರಿಂಟರೇ ತನಗೆ ಯಾವ ಅಳತೆಯ ಕಾಗದ ಗೊತ್ತು, ಎರಡೂ ಬದಿ ಮುದ್ರಿಸಲು ಬರುತ್ತದೆಯೇ, ಯಾವ ರೂಪದ ಕಡತ ತಿಳಿಯುತ್ತದೆ ಎಂದೆಲ್ಲ ಹೇಳುತ್ತದೆ. ಕಂಪ್ಯೂಟರಿನಲ್ಲಿ ಬೇರೆ ಡ್ರೈವರ್ ಬೇಡ. ಇದನ್ನೇ ಯುಎಸ್‌ಬಿ ಕೇಬಲ್ ಮೇಲೂ ನಡೆಸುವ ನಿಯಮಾವಳಿ 2012ರಲ್ಲಿ ಬಂತು. ಕಂಪ್ಯೂಟರಿನ ಕಡೆಯಿಂದ ಅದನ್ನು ನಡೆಸುವ ಪ್ರೋಗ್ರಾಮೇ ಐಪಿಪಿ-ಯುಎಸ್‌ಬಿ. ಅದು ಯುಎಸ್‌ಬಿ ಪ್ರಿಂಟರನ್ನು ಹಿಡಿದು, ಲೋಕಲ್‌ಹೋಸ್ಟ್‌ನ (ಅಂದರೆ ಅದೇ ಕಂಪ್ಯೂಟರಿನ) 60000ನೇ ಪೋರ್ಟಿನಿಂದ ಶುರುಮಾಡಿ ಒಂದೊಂದು ಪ್ರಿಂಟರಿಗೆ ಒಂದೊಂದು ಪೋರ್ಟ್ ಕೊಟ್ಟು, ನೆಟ್‌ವರ್ಕ್ ಪ್ರಿಂಟರಿನ ಹಾಗೆ ತೋರಿಸುತ್ತದೆ. ಡೆಬಿಯನ್ 11ರಲ್ಲಿ ಕಪ್ಸ್ ಜೊತೆಗೆ ಶಿಫಾರಸಾಗಿ ಬರುವ ಪ್ಯಾಕೇಜುಗಳಲ್ಲಿ ಇದೂ ಸೇರಿತು. ಅಪ್‌ಗ್ರೇಡ್ ಮಾಡಿದಾಗ ಈ ಸರ್ವರಿಗೂ ತಾನಾಗಿ ಬಂದಿತ್ತು. ಆ ಆವೃತ್ತಿಯ ಬಿಡುಗಡೆ ಟಿಪ್ಪಣಿಯಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಮುದ್ರಣ ನಡೆಯುವ ಯಂತ್ರವನ್ನು ಏರಿಸುವವರು ಆ ಭಾಗವನ್ನು ಓದದೆ ಮುಂದೆ ಹೋಗಬಾರದು.

ಹಾಗಾದರೆ ಹಳೇ ಬ್ಯಾಕೆಂಡಿಗೂ ಇದಕ್ಕೂ ಜಗಳ ಯಾಕೆ? ಎಲ್‌ಎಸ್‌ಯುಎಸ್‌ಬಿಗೆ ವಿ ಆಯ್ಕೆ ಕೊಟ್ಟು ವಿವರ ನೋಡಿದರೆ ಕಾಣುತ್ತದೆ. ಯುಎಸ್‌ಬಿಯಲ್ಲಿ ಪ್ರಿಂಟರುಗಳ ವರ್ಗ 7, ಉಪವರ್ಗ 1. ಆಮೇಲೆ ಬರುವ ಪ್ರೊಟೊಕಾಲ್ ಸಂಖ್ಯೆ 2 ಇದ್ದರೆ ಹಳೇ ರೀತಿಯ ಎರಡು ದಿಕ್ಕಿನ ಸಂವಹನ, 4 ಇದ್ದರೆ ಐಪಿಪಿ. ಈ ಪ್ರಿಂಟರಿನಲ್ಲಿ ಎರಡೂ ಇದ್ದವು, ಆದರೆ ಒಂದೇ ಇಂಟರ್‌ಫೇಸಿನ ಎರಡು ಪರ್ಯಾಯ ಸ್ಥಿತಿಗಳಾಗಿ. ಪರ್ಯಾಯ ಸ್ಥಿತಿಗಳಲ್ಲಿ ಒಂದು ಹೊತ್ತಿಗೆ ಒಂದು ಮಾತ್ರ ಚಾಲ್ತಿಯಲ್ಲಿರಲು ಸಾಧ್ಯ, ಇಂಟರ್‌ಫೇಸನ್ನು ಹಿಡಿಯುವ ಪ್ರೋಗ್ರಾಮೂ ಒಂದೇ. ಪ್ರಿಂಟರ್ ಸಿಕ್ಕಿಸಿದ ಕೂಡಲೇ ಸಾಧನ ಸಿಕ್ಕಿಸಿದ್ದನ್ನು ಗಮನಿಸುವ ಯುಡೆವ್ ಎಂಬ ಭಾಗದ ನಿಯಮವೊಂದು ಐಪಿಪಿ-ಯುಎಸ್‌ಬಿಯನ್ನು ಎಬ್ಬಿಸುತ್ತಿತ್ತು, ಅದು ಮೊದಲು ಹೋಗಿ ಹಿಡಿದುಕೊಳ್ಳುತ್ತಿತ್ತು. ಹಳೇ ಬ್ಯಾಕೆಂಡ್ ಬಂದಾಗ ಜಾಗ ಖಾಲಿ ಇರುತ್ತಿರಲಿಲ್ಲ, ಆದ್ದರಿಂದ ಕಾಯುತ್ತಾ ನಿಲ್ಲುತ್ತಿತ್ತು. ಯಾವ ಭಾಗವೂ ಕೆಟ್ಟಿರಲಿಲ್ಲ.

ಎರಡು ದಾರಿಗಳಲ್ಲಿ ಒಂದು

ಐಪಿಪಿ-ಯುಎಸ್‌ಬಿಯನ್ನು ತೆಗೆದುಹಾಕಿ ಹಳೇ ಡ್ರೈವರಿನಲ್ಲೇ ಮುಂದುವರಿಯಬಹುದಿತ್ತು. ತಕ್ಷಣದ ಪರಿಹಾರ ಅದು, ಕೆಲವು ಪ್ರಕರಣಗಳಲ್ಲಿ ಅದೇ ಸರಿ. ಪ್ರಿಂಟರಿನ ಒಳಗಿನ ಐಪಿಪಿ ತಂತ್ರಾಂಶ ಅರೆಬರೆಯಾಗಿದ್ದರೆ, ಅಥವಾ ಡ್ರೈವರಿನಲ್ಲಿ ಮಾತ್ರ ಸಿಗುವ ಸೌಲಭ್ಯ ಬೇಕೇ ಬೇಕೆಂದಿದ್ದರೆ ನಾನೂ ಹಾಗೇ ಮಾಡುತ್ತೇನೆ. ಇಲ್ಲಿ ಮಾಡಲಿಲ್ಲ. ಪಿಪಿಡಿ ಬಳಸಿ ಕ್ಯೂ ಮಾಡಲು ಹೋದರೆ ಈಗಿನ ಕಪ್ಸ್ 'ಪ್ರಿಂಟರ್ ಡ್ರೈವರುಗಳ ಕಾಲ ಮುಗಿಯುತ್ತಿದೆ, ಮುಂದೆ ಬರುವ ಒಂದು ಆವೃತ್ತಿಯಲ್ಲಿ ಇವು ನಡೆಯುವುದಿಲ್ಲ' ಎಂದು ಎಚ್ಚರಿಸುತ್ತದೆ. ತಯಾರಕರ ಡ್ರೈವರಿಗೂ ಹೊಸ ಆವೃತ್ತಿ ಬರುವುದು ನಿಂತಿತ್ತು. ಇವತ್ತು ಹಳೇ ದಾರಿ ಹಿಡಿದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಇದೇ ಕೆಲಸ ಮತ್ತೆ ಮಾಡಬೇಕಾಗುತ್ತಿತ್ತು.

ಹೊಸ ದಾರಿ ನಡೆಯುತ್ತದೆಯೇ ಎಂದು ತೀರ್ಮಾನಿಸುವ ಮೊದಲು ಪ್ರಿಂಟರನ್ನೇ ಕೇಳಿದೆ. ಐಪಿಪಿಟೂಲ್ ಆಜ್ಞೆಯಿಂದ ಅದರ ಗುಣಲಕ್ಷಣಗಳ ಪಟ್ಟಿ ತರಿಸಬಹುದು. ಉದ್ದದ ಪಟ್ಟಿ, ಆದರೆ ನೋಡಬೇಕಾದವು ಕೆಲವೇ: ಯಾವ ರೂಪದ ಕಡತಗಳನ್ನು ಒಪ್ಪುತ್ತದೆ, ಯಾವ ಬದಿಗಳಲ್ಲಿ ಮುದ್ರಿಸುತ್ತದೆ, ಟ್ರೇನಲ್ಲಿ ಈಗ ಯಾವ ಕಾಗದ ಇದೆ ಎಂದುಕೊಂಡಿದೆ, ಎಷ್ಟು ದರ್ಜೆಯ ಗುಣಮಟ್ಟ ಬರುತ್ತದೆ. ಎರಡೂ ಬದಿ ಮುದ್ರಣ ಇತ್ತು, ಡ್ರೈವರ್ ಇಲ್ಲದ ಮುದ್ರಣಕ್ಕೆ ಬಳಸುವ ಪಿಡಬ್ಲ್ಯುಜಿ ರಾಸ್ಟರ್ ಎಂಬ ಕಡತ ರೂಪವೂ ಇತ್ತು. ಅಷ್ಟಿದ್ದರೆ ಕಚೇರಿಯ ಕೆಲಸಕ್ಕೆ ಧಾರಾಳ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್‌ನ ಅದೇ 60000ನೇ ಪೋರ್ಟ್ ತೆರೆದರೆ ಪ್ರಿಂಟರಿನ ಸ್ವಂತ ವೆಬ್ ಪುಟವೂ ಬಂತು, ಟೋನರ್ ಎಷ್ಟಿದೆ ಅನ್ನುವುದರ ಸಮೇತ. ಯುಎಸ್‌ಬಿ ಪ್ರಿಂಟರಿನಲ್ಲಿ ಇದು ಮೊದಲು ಸಿಗುತ್ತಿರಲಿಲ್ಲ. ಅಲ್ಲಿದ್ದವರಿಗೆ ತುಂಬಾ ಹಿಡಿಸಿದ್ದು ಇದೇ.

ಬದಲಾವಣೆಗೆ ಮುಂಚೆ ಕಪ್ಸ್‌ನ ಇಡೀ ಸಂರಚನಾ ಡೈರೆಕ್ಟರಿಯ ಒಂದು ಪ್ರತಿ ತೆಗೆದಿಟ್ಟೆ. ಕಪ್ಸ್ ಓಡುತ್ತಿರುವಾಗ ಪ್ರಿಂಟರ್ಸ್ ಡಾಟ್ ಕಾನ್ಫ್ ಕಡತವನ್ನು ಎಡಿಟರಿನಲ್ಲಿ ತೆರೆದು ತಿದ್ದಲು ಹೋಗಬಾರದು, ಕಪ್ಸ್ ತನ್ನ ನೆನಪಿನಲ್ಲಿರುವುದನ್ನು ಅದರ ಮೇಲೆಯೇ ಬರೆದುಬಿಡುತ್ತದೆ. ಎಲ್ಲವನ್ನೂ ಎಲ್‌ಪಿಅಡ್ಮಿನ್ ಮೂಲಕವೇ ಮಾಡಬೇಕು.

ಮೊದಲು 'ಪರೀಕ್ಷೆ' ಎಂಬ ಹೆಸರಿನಲ್ಲಿ ಬೇರೆ ಕ್ಯೂ ಮಾಡಿದೆ. ವಿಳಾಸ ಐಪಿಪಿ, ಲೋಕಲ್‌ಹೋಸ್ಟ್, 60000ನೇ ಪೋರ್ಟ್, ಅದರ ಮುಂದೆ ಐಪಿಪಿ-ಪ್ರಿಂಟ್ ಎಂಬ ದಾರಿ; ಮಾದರಿಯ ಜಾಗದಲ್ಲಿ 'ಎವೆರಿವೇರ್'. ಕಪ್ಸ್ ಪ್ರಿಂಟರನ್ನು ಕೇಳಿ ಆಯ್ಕೆಗಳ ಪಟ್ಟಿಯನ್ನು ತಾನೇ ಸಿದ್ಧಪಡಿಸಿಕೊಂಡಿತು. ಪುಟ ಬಂತು, ಎರಡು ಬದಿಯದೂ ಬಂತು. ಪೋರ್ಟ್ ಸಂಖ್ಯೆ ಮುಂದೆ ಬದಲಾಗಬಹುದೇ ಅನ್ನುವ ಪ್ರಶ್ನೆ ಸಹಜವಾಗಿ ಬರುತ್ತದೆ. ಯಾವ ಪ್ರಿಂಟರಿಗೆ ಯಾವ ಪೋರ್ಟ್ ಕೊಟ್ಟೆ ಎಂದು ಐಪಿಪಿ-ಯುಎಸ್‌ಬಿ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕೇಬಲ್ ತೆಗೆದು ಹಾಕಿ, ಯಂತ್ರ ಮರುಚಾಲನೆ ಮಾಡಿ ನೋಡಿದೆ, ಅದೇ ಪೋರ್ಟ್ ಬಂತು.

ಆಮೇಲೆ ನಿಜವಾದ ಕ್ಯೂ. 'ಆಫೀಸ್' ಅನ್ನು ಅಳಿಸಲಿಲ್ಲ, ಅದೇ ಹೆಸರಿನ ಕ್ಯೂಗೆ ಹೊಸ ವಿಳಾಸ, ಹೊಸ ಮಾದರಿ ಕೊಟ್ಟೆ. ಹೆಸರು ಉಳಿಸಿಕೊಂಡರೆ ಉಳಿದ ಯಂತ್ರಗಳಲ್ಲಿ ಏನನ್ನೂ ಮುಟ್ಟಬೇಕಿಲ್ಲ. ಇನ್ನೊಂದು ಲಾಭವೂ ಇದೆ. ಸ್ಪೂಲ್‌ನಲ್ಲಿ ಇರುವುದು ಮೂಲ ಕಡತ, ಫಿಲ್ಟರ್ ಆದ ಮೇಲಿನದಲ್ಲ. ಹಾಗಾಗಿ ಬಾಕಿ ಇದ್ದ ಕೆಲಸಗಳು ಹೊಸ ವಿಳಾಸಕ್ಕೆ ತಕ್ಕಂತೆ ಮತ್ತೆ ಸಿದ್ಧವಾಗಿ ಹೋಗುತ್ತವೆ. ಆದರೆ ಒಂದು ಎಚ್ಚರ ಬೇಕು. ಪುಟ ಬರದಿದ್ದಾಗ ಜನ ಅದೇ ಕಡತವನ್ನು ಮತ್ತೆ ಮತ್ತೆ ಕಳಿಸಿರುತ್ತಾರೆ. ವಿಳಾಸ ಬದಲಿಸಿದ ಕ್ಷಣ ಅವೆಲ್ಲ ಒಟ್ಟಿಗೆ ಹೊರಬರುತ್ತವೆ. ಆದ್ದರಿಂದ ಮೊದಲು ಕ್ಯೂ ನಿಲ್ಲಿಸಿ, ಪಟ್ಟಿ ತೋರಿಸಿ, ಯಾರಿಗೆ ಯಾವುದು ಬೇಕು ಎಂದು ಕೇಳಿ, ಬೇಡದ್ದನ್ನು ಕ್ಯಾನ್ಸಲ್ ಮಾಡಿಸಿ ಆಮೇಲೆ ಚಾಲೂ ಮಾಡಿದೆ. ಹೀಗೆ ಮಾಡಿದ್ದರಿಂದ ಒಂದು ಕಟ್ಟು ಕಾಗದ ಉಳಿಯಿತು.

ಕೆಲವರಿಗೆ ಮಾತ್ರ ನಿಲ್ಲುವ ಪುಟ

ಈಗ ಮುದ್ರಣ ಆಗುತ್ತಿತ್ತು, ಆದರೆ ಇಬ್ಬರ ಕಡತ ಹೋದಾಗ ಮಾತ್ರ ಪ್ರಿಂಟರಿನ ದೀಪ ಮಿಣುಕಿ, ಕಾಗದ ಹಾಕಿ ಎಂದು ನಿಲ್ಲುತ್ತಿತ್ತು. ಟ್ರೇ ತುಂಬಾ ಕಾಗದ ಇದೆ. ಅದೇ ಕಡತವನ್ನು ಬೇರೆಯವರು ಕಳಿಸಿದರೆ ಬರುತ್ತದೆ.

ಒಬ್ಬರಿಗೆ ಆಗಿ ಇನ್ನೊಬ್ಬರಿಗೆ ಆಗದಿದ್ದರೆ ಮೊದಲು ನೋಡಬೇಕಾದ ಜಾಗ, ಬಳಕೆದಾರರು ಇಟ್ಟ ಮುದ್ರಣ ಆಯ್ಕೆಗಳನ್ನು ನೆನಪಿಡುವ ಅವರ ಸ್ವಂತ ಎಲ್‌ಪಿಆಪ್ಷನ್ಸ್ ಕಡತ. ಕ್ಯೂನ ಪೂರ್ವನಿಯೋಜಿತ ಆಯ್ಕೆಗಳು ಮೂರು ಕಡೆ ಇರಬಹುದು. ಎಲ್‌ಪಿಅಡ್ಮಿನ್‌ನಿಂದ ಇಟ್ಟದ್ದು ಸರ್ವರಿನ ಕ್ಯೂನಲ್ಲೇ ಇರುತ್ತದೆ, ಎಲ್ಲರಿಗೂ ಅನ್ವಯ. ರೂಟ್ (ಯಂತ್ರದ ಪೂರ್ಣ ಅಧಿಕಾರವಿರುವ ಬಳಕೆದಾರ) ಆಗಿ ಎಲ್‌ಪಿಆಪ್ಷನ್ಸ್ ಓಡಿಸಿದರೆ ಆ ಒಂದು ಯಂತ್ರಕ್ಕೆ ಅನ್ವಯ. ಸಾಮಾನ್ಯ ಬಳಕೆದಾರರಾಗಿ ಓಡಿಸಿದರೆ ಅವರ ಹೋಮ್ ಡೈರೆಕ್ಟರಿಯಲ್ಲಿ, ಡಾಟ್ ಕಪ್ಸ್ ಅನ್ನುವ ಅಡಗಿದ ಡೈರೆಕ್ಟರಿಯೊಳಗೆ ಕೂರುತ್ತದೆ. ಕೊನೆಯದೇ ಗೆಲ್ಲುತ್ತದೆ.

ಆ ಇಬ್ಬರ ಕಡತದಲ್ಲಿ ಹಳೇ 'ಆಫೀಸ್' ಕ್ಯೂ ಕಾಲದ ಒಂದು ಸಾಲಿತ್ತು, ಕಾಗದದ ಅಳತೆ ಲೆಟರ್ ಎಂದು. ಲೆಟರ್ ಅಂದರೆ 216 ಗುಣಿಸು 279 ಮಿಲಿಮೀಟರ್. ಟ್ರೇನಲ್ಲಿದ್ದದ್ದು ಎ4, 210 ಗುಣಿಸು 297. ಹಳೇ ಡ್ರೈವರ್ ಈ ವ್ಯತ್ಯಾಸವನ್ನು ಹೇಗೋ ಸರಿದೂಗಿಸಿ ಮುದ್ರಿಸುತ್ತಿತ್ತು. ಹೊಸ ದಾರಿಯಲ್ಲಿ ಪ್ರಿಂಟರು ಕೇಳಿದ ಅಳತೆಯನ್ನೇ ನಂಬುತ್ತದೆ. ಎಲ್‌ಪಿಸ್ಟ್ಯಾಟ್‌ನ ವಿವರವಾದ ನೋಟದಲ್ಲಿ 'ಕಾಗದ ಬೇಕು' ಎಂಬ ಎಚ್ಚರಿಕೆಯೂ ಇತ್ತು. ಎಲ್‌ಪಿಆಪ್ಷನ್ಸ್‌ಗೆ ಆರ್ ಆಯ್ಕೆ ಕೊಟ್ಟು ಆ ಒಂದು ಸೆಟ್ಟಿಂಗ್ ತೆಗೆಸಿದೆ, ಸರ್ವರಿನ ಕ್ಯೂಗೆ ಎಲ್‌ಪಿಅಡ್ಮಿನ್‌ನಿಂದ ಎ4 ಕಟ್ಟಿದೆ. ಹೊಸ ಕ್ಯೂಗಳೂ ಎ4ನಿಂದಲೇ ಶುರುವಾಗಲಿ ಎಂದು ಕಪ್ಸ್‌ಡಿ ಸಂರಚನೆಯಲ್ಲಿ ಪೂರ್ವನಿಯೋಜಿತ ಕಾಗದವನ್ನೂ ಎ4 ಎಂದೇ ಬರೆದೆ.

ಒಂದೇ ಪ್ರಿಂಟರು, ಹಲವು ಹೆಸರು

ಡೈಲಾಗ್‌ನಲ್ಲಿ ಇನ್ನೂ ಹೆಚ್ಚುವರಿ ಹೆಸರುಗಳು ಕಾಣುತ್ತಿದ್ದವು. ಒಂದನ್ನು ಹುಟ್ಟಿಸುತ್ತಿದ್ದದ್ದು ಕಪ್ಸ್-ಬ್ರೌಸ್ಡ್. ನೆಟ್‌ವರ್ಕ್‌ನಲ್ಲಿ ಘೋಷಿಸಿಕೊಳ್ಳುವ ಪ್ರಿಂಟರುಗಳನ್ನು ಹುಡುಕಿ ತಾನಾಗಿ ಕ್ಯೂ ಮಾಡುವ ಪ್ರೋಗ್ರಾಮಿದು. ಐಪಿಪಿ-ಯುಎಸ್‌ಬಿ ಮಾಡುವ ಘೋಷಣೆ ಕೇಳಿ ಅದಕ್ಕೂ ಒಂದು ಕ್ಯೂ ಮಾಡಿತ್ತು. ಮೊದಲಿನ ಗೊಂದಲದಲ್ಲಿ ಕೆಲವರಿಗೆ ಪುಟ ಬರುತ್ತಿದ್ದದ್ದು ಈ ಕ್ಯೂನಿಂದಲೇ. ಕಪ್ಸ್ 2.2ರಿಂದ ಈಚೆಗೆ ಹೀಗೆ ಕಂಡ ಐಪಿಪಿ ಪ್ರಿಂಟರಿಗೆ ಕಪ್ಸ್ ತಾನೇ ತಾತ್ಕಾಲಿಕ ಕ್ಯೂ ಮಾಡಿಕೊಳ್ಳಬಲ್ಲದು. ಹೀಗಿರುವಾಗ ಇಷ್ಟು ಸಣ್ಣ ಜಾಲದಲ್ಲಿ ಕಪ್ಸ್-ಬ್ರೌಸ್ಡ್ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ, ನಿಲ್ಲಿಸಿಬಿಟ್ಟೆ. 2024ರ ಸೆಪ್ಟೆಂಬರಿನಲ್ಲಿ ಇದೇ ಪ್ರೋಗ್ರಾಮು ಯುಡಿಪಿ 631ನೇ ಪೋರ್ಟಿನಲ್ಲಿ ಯಾರು ಏನು ಕಳಿಸಿದರೂ ನಂಬುತ್ತದೆ ಅನ್ನುವ ಭದ್ರತಾ ದೋಷ ಬಯಲಿಗೆ ಬಂತು. ಬೇಡದ ಕಡೆ ಅದನ್ನು ಓಡಿಸದಿರಲು ಇನ್ನೊಂದು ಕಾರಣ ಸಿಕ್ಕಿತು.

ಉಳಿದದ್ದು ಸರ್ವರಿನಲ್ಲಿ ಮಾತ್ರ ಕಾಣುವ 'ಯುಎಸ್‌ಬಿ' ಬಾಲದ ಹೆಸರು. ಐಪಿಪಿ-ಯುಎಸ್‌ಬಿಯ ಸಂರಚನೆಯಲ್ಲಿ ಘೋಷಣೆಯನ್ನು ಆಫ್ ಮಾಡಿದರೆ ಅದೂ ಹೋಗುತ್ತದೆ, 60000ನೇ ಪೋರ್ಟಿಗೆ ನೇರ ಕಟ್ಟಿದ ಕ್ಯೂಗೆ ತೊಂದರೆ ಆಗುವುದಿಲ್ಲ. ಆದರೆ ಸ್ಕ್ಯಾನರನ್ನು ಹುಡುಕುವ ಸೇನ್-ಏರ್‌ಸ್ಕ್ಯಾನ್ ಅದೇ ಘೋಷಣೆಯನ್ನು ನೆಚ್ಚಿಕೊಂಡಿದೆ. ಇಲ್ಲಿ ಸ್ಕ್ಯಾನ್ ದಿನಾ ನಡೆಯುವ ಕೆಲಸ. ಒಂದು ಹೆಸರು ಹೆಚ್ಚು ಕಂಡರೆ ಕಾಣಲಿ ಎಂದು ಹಾಗೇ ಬಿಟ್ಟೆ.

ಫ್ರೀಬಿಎಸ್‌ಡಿ ಯಂತ್ರ

ಹಂಚಿಕೆಯ ಕಡೆ ಹೆಚ್ಚು ಹೇಳುವುದೇನಿಲ್ಲ. ಕಪ್ಸ್‌ನಲ್ಲಿ ಹಂಚಿಕೆ ಆನ್, ಕ್ಯೂಗೆ ಹಂಚಿಕೆಯ ಗುರುತು, ಫೈರ್‌ವಾಲ್‌ನಲ್ಲಿ ಟಿಸಿಪಿ 631 ಮತ್ತು ಯುಡಿಪಿ 5353 ತೆರೆದದ್ದು, ಅಷ್ಟೆ. ಲಿನಕ್ಸ್ ಯಂತ್ರಗಳು, ಮ್ಯಾಕ್‌ಗಳು ತಾವೇ ಕಂಡುಕೊಂಡವು. ಸರ್ವರಿಗೆ ಇಟ್ಟಿದ್ದ ಇನ್ನೊಂದು ಹೆಸರಿನಿಂದ ಅದರ ವೆಬ್ ಪುಟ ತೆರೆಯಲು ಹೋದವರಿಗೆ 'ಬ್ಯಾಡ್ ರಿಕ್ವೆಸ್ಟ್' ಎಂದು ಬರುತ್ತಿತ್ತು. ಕಪ್ಸ್ ತನಗೆ ಗೊತ್ತಿಲ್ಲದ ಹೆಸರಿನಲ್ಲಿ ಬಂದ ಕೋರಿಕೆಯನ್ನು ತಿರಸ್ಕರಿಸುತ್ತದೆ. ಸರ್ವರ್‌ಅಲಿಯಾಸ್ ಸಾಲಿನಲ್ಲಿ ಆ ಹೆಸರು ಸೇರಿಸಿದ ಮೇಲೆ ಸರಿಹೋಯಿತು.

ಫ್ರೀಬಿಎಸ್‌ಡಿಯಲ್ಲಿ ಮಾತ್ರ ಬೇರೆ ಕಥೆ. ಅಲ್ಲಿ ಕಪ್ಸ್ ಪ್ಯಾಕೇಜ್ ಹಾಕಿ, ಕ್ಲೈಂಟ್ ಸಂರಚನೆಯಲ್ಲಿ ಸರ್ವರಿನ ಹೆಸರು ಬರೆದಿದ್ದರು. ಬ್ರೌಸರಿನಿಂದ ಪ್ರಿಂಟ್ ಆಗುತ್ತಿತ್ತು, ಟರ್ಮಿನಲ್ಲಿನಿಂದ ಎಲ್‌ಪಿಆರ್ ಕೊಟ್ಟರೆ 'ಗೊತ್ತಿಲ್ಲದ ಪ್ರಿಂಟರ್' ಎಂಬ ಉತ್ತರ. ಇಲ್ಲಿ ಬರ್ಕ್ಲಿಯ ಹಳೇ ಎಲ್‌ಪಿಆರ್ ಇನ್ನೂ ಜೀವಂತವಾಗಿದೆ. ಫ್ರೀಬಿಎಸ್‌ಡಿಯ ಮೂಲ ವ್ಯವಸ್ಥೆಯಲ್ಲೇ ಅದು ಬರುತ್ತದೆ, ಯುಎಸ್‌ಆರ್ ಕೆಳಗಿನ ಬಿನ್‌ನಲ್ಲಿ ಇರುತ್ತದೆ, ಪ್ರಿಂಟ್‌ಕ್ಯಾಪ್ ಎಂಬ ಕಡತದಲ್ಲಿ ಪ್ರಿಂಟರಿನ ಹೆಸರು ಹುಡುಕುತ್ತದೆ. ಕಪ್ಸ್‌ನ ಎಲ್‌ಪಿಆರ್ ಇರುವುದು ಯುಎಸ್‌ಆರ್-ಲೋಕಲ್ ಕೆಳಗಿನ ಬಿನ್‌ನಲ್ಲಿ. ಆಜ್ಞೆಗಳನ್ನು ಹುಡುಕುವ ಪಾತ್ ಪಟ್ಟಿಯಲ್ಲಿ ಮೊದಲನೆಯದೇ ಮುಂದೆ ಇರುವುದರಿಂದ ಪ್ರತಿ ಸಲವೂ ಹಳೆಯದೇ ಓಡುತ್ತದೆ. ಎಲ್‌ಪಿ ಬಳಸಿದರೂ ಅದೇ ಗತಿ, ಯಾಕೆಂದರೆ ಅಲ್ಲಿನ ಎಲ್‌ಪಿ ಹಳೇ ಎಲ್‌ಪಿಆರ್‌ನನ್ನೇ ಕರೆಯುವ ಒಂದು ಸಣ್ಣ ಸ್ಕ್ರಿಪ್ಟು. 'ವಿಚ್' ಆಜ್ಞೆ ಕೊಟ್ಟು ಯಾವ ಎಲ್‌ಪಿಆರ್ ಓಡುತ್ತಿದೆ ಎಂದು ತೋರಿಸಿದೆ, ಆ ಬಳಕೆದಾರರ ಪಾತ್‌ನಲ್ಲಿ ಯುಎಸ್‌ಆರ್-ಲೋಕಲ್ ಬಿನ್ ಮೊದಲು ಬರುವ ಹಾಗೆ ಮಾಡಿದೆ. ಮೂಲ ವ್ಯವಸ್ಥೆಯ ಕಡತಗಳನ್ನು ಅಳಿಸುವುದು ನನಗೆ ಒಪ್ಪಿಗೆಯಿಲ್ಲ, ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ಬಂದು ಕೂರುತ್ತವೆ.

ಕಳೆದುಕೊಂಡ ಒಂದು ಸೌಲಭ್ಯ

ಹಳೇ ಡ್ರೈವರಿನಲ್ಲಿ 'ಟೋನರ್ ಉಳಿತಾಯ' ಎಂಬ ಗುಂಡಿ ಇತ್ತು. ಕರಡು ಪ್ರತಿ ತೆಗೆಯುವವರು ಅದನ್ನೇ ಒತ್ತುತ್ತಿದ್ದರು. ಹೊಸ ಕ್ಯೂನಲ್ಲಿ ಆ ಹೆಸರಿನ ಗುಂಡಿ ಇಲ್ಲ, ತಯಾರಕರು ತಮ್ಮ ಡ್ರೈವರಿಗಷ್ಟೇ ಇಟ್ಟುಕೊಂಡ ಸೌಲಭ್ಯ ಅದು. ಪ್ರಿಂಟರಿನ ಗುಣಲಕ್ಷಣಗಳ ಪಟ್ಟಿಯನ್ನು ಮತ್ತೆ ನೋಡಿದಾಗ ಮುದ್ರಣ ಗುಣಮಟ್ಟದಲ್ಲಿ 3, 4, 5 ಮೂರೂ ಇದ್ದವು. ಐಪಿಪಿಯಲ್ಲಿ 3 ಎಂದರೆ ಕರಡು, 4 ಸಾಧಾರಣ, 5 ಉತ್ತಮ. ಎಲ್‌ಪಿಆಪ್ಷನ್ಸ್‌ನಲ್ಲಿ ಒಂದು ಕ್ಯೂಗೆ ಓರೆಗೆರೆ ಹಾಕಿ ಇನ್ನೊಂದು ಹೆಸರು ಕೊಟ್ಟು, ಅದಕ್ಕೆ ಬೇರೆ ಆಯ್ಕೆಗಳನ್ನು ಕಟ್ಟಬಹುದು. ಕರಡು ಹೆಚ್ಚು ತೆಗೆಯುವ ಯಂತ್ರಗಳಲ್ಲಿ ರೂಟ್ ಆಗಿ 'ಆಫೀಸ್/ಕರಡು' ಎಂಬ ರೂಪ ಮಾಡಿ, ಅದಕ್ಕೆ ಗುಣಮಟ್ಟ 3 ಎಂದು ಕಟ್ಟಿಕೊಟ್ಟೆ. ಎರಡನ್ನೂ ಮುದ್ರಿಸಿ ಪಕ್ಕಪಕ್ಕ ಇಟ್ಟು ನೋಡಿದರೆ ಕರಡಿನ ಅಕ್ಷರ ತೆಳುವಾಗಿ, ಆದರೆ ಓದಲು ತೊಡಕಿಲ್ಲದಂತೆ ಬಂದಿತ್ತು. ಹಳೇ ಗುಂಡಿಯಷ್ಟೇ ಟೋನರ್ ಉಳಿಯುತ್ತದೆಯೇ ಎಂದು ತಿಳಿಯಬೇಕಾದರೆ ಒಂದು ಕಾರ್ಟ್ರಿಜ್ ಪೂರ್ತಿ ಮುಗಿಯಬೇಕು. ಅದಕ್ಕೆಂದೇ ಕಪ್ಸ್‌ನಲ್ಲಿ ಪುಟಗಳ ಲಾಗ್ ಬರೆಯುವಂತೆ ಮಾಡಿ ಬಂದಿದ್ದೇನೆ.